ಮುಂದಿನ ಮಾತು ಸುಳ್ಳು

ಪ್ರಯಾಣಿಕರ ಮನಸ್ಸಿಗೆ ಕಿಂಚಿತ್ತೂ ನೋವಾಗದಂತೆ ರೈಲುಗಳನ್ನು ತಡಮಾಡುವುದು ರೈಲ್ವೆ ಇಲಾಖೆಯ ಮೂಲ ಧ್ಯೇಯವಾಗಿದೆ. ತಡಮಾಡುವುದರಲ್ಲಿ ಇಲಾಖೆ ಎಂದೂ ಹಿಂದೆ ಬಿದ್ದದ್ದಿಲ್ಲ. ನೋವಾಗದಂತೆ ಎಂಬ ಭಾಗ ಮಾತ್ರ ಒಬ್ಬ ನೌಕರನ ದೆಸೆಯಿಂದ ಒಂದು ಸ್ಟೇಷನ್ನಿನಲ್ಲಿ ನೆನೆಗುದಿಗೆ ಬಿದ್ದಿತ್ತು.

ಆ ನೌಕರನನ್ನು ಎಲ್ಲರೂ ಗಂಟಲಣ್ಣ ಅಂತ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಇದ್ದಿರಬೇಕು, ಅದನ್ನು ಯಾರೂ ಬಾಯಿಬಿಟ್ಟು ಓದಿದ್ದಿಲ್ಲ. ಟಿಕೆಟ್ ಕಿಟಕಿಯ ಹಿಂದೆ ಗೋಡೆಗೆ ಒತ್ತಿಕೊಂಡ ಒಂದು ಗೂಡು. ಅದರೊಳಗೆ ಒಂದು ಮೈಕು, ಒಂದು ಕೆಂಪು ಗುಂಡಿ, ಕಾಲು ಕುಂಟುವ ಒಂದು ಕುರ್ಚಿ, ಕುರ್ಚಿಯ ಮೇಲೆ ಗಂಟಲಣ್ಣ. ಗುಂಡಿ ಒತ್ತುವ ಮುಂಚೆ ಅವನು ಕಣ್ಣು ಮುಚ್ಚಿ, "ದೇವರೇ, ಈ ಮೈಕಿನ ತಂತಿ ನಿನ್ನ ಕಿವಿವರೆಗೂ ಬಂದಿದೆ ಅನ್ನೋದು ನನಗೆ ನೆನಪಿರಲಿ" ಅಂತ ಹೇಳಿಕೊಳ್ಳುತ್ತಿದ್ದ.

ಇದು ಅವನ ಅಕ್ಕ ಕಲಿಸಿದ್ದು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವನಿಗೆ ಮೈಕಿನ ಕೆಲಸ ಸಿಕ್ಕಿದ ದಿನ ಅವಳು ಸಿಹಿ ಹಂಚಲಿಲ್ಲ, ಕೂರಿಸಿಕೊಂಡು ಹೇಳಿದಳು: "ನೋಡೋ, ನಾಲಿಗೆ ಇರೋದು ಒಂದೇ. ಅದರಲ್ಲೇ ಊಟ ಮಾಡ್ಬೇಕು, ಅದರಲ್ಲೇ ದೇವರ ಹೆಸರು ಹೇಳ್ಬೇಕು. ಸುಳ್ಳು ಹೇಳಿ ಎಂಜಲು ಮಾಡ್ಕೋಬೇಡ." ಅವನು ಮಾತು ಕೊಟ್ಟ. ಅಕ್ಕ ಆಮೇಲೆ ಗುಡ್ಡದಾಚೆಯ ಊರಿಗೆ ಮದುವೆಯಾಗಿ ಹೋದಳು. ಅಲ್ಲಿಗೆ ದಿನಕ್ಕೊಂದು ರೈಲು, ಅದು ಬಿಟ್ಟರೆ ದೇವರೇ ಗತಿ.

ಬಹಳ ಕಾಲ ಈ ಮಾತಿನಿಂದ ಯಾರಿಗೂ ತೊಂದರೆ ಆಗಲಿಲ್ಲ. ರೈಲು ತಡವಾದರೆ ಅವನು ತಡ ಅನ್ನುತ್ತಿದ್ದ. ಜನ ಇಲಾಖೆಯ ವಂಶಕ್ಕೆಲ್ಲ ಶಾಪ ಹಾಕಿ, ಮನೆಗೆ ಹೋಗಿ ಒಂದು ನಿದ್ದೆ ತೆಗೆದು ಬರುತ್ತಿದ್ದರು. ಆದರೆ ಕಾಲ ನಿಂತಲ್ಲೇ ನಿಲ್ಲುವುದಿಲ್ಲವಲ್ಲ, ಅದೇನು ಗುಡ್ಡದಾಚೆಯ ರೈಲೇ? ಒಂದು ದಿನ ಸುತ್ತೋಲೆ ಬಂತು.

"ಸಮಾಜದ ಮೌಲ್ಯಗಳು ಬದಲಾಗಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಇಂದಿನ ಪ್ರಯಾಣಿಕರು ಸತ್ಯಕ್ಕಿಂತ ಸಮಾಧಾನವನ್ನು ಬಯಸುತ್ತಾರೆಂದು ತಜ್ಞರ ಸಮಿತಿಯು ಕಂಡುಕೊಂಡಿರುತ್ತದೆ. ಆದ್ದರಿಂದ 'ತಡ' ಎಂಬ ಪದವನ್ನು ಈ ಮೂಲಕ ಸೇವೆಯಿಂದ ವಜಾ ಮಾಡಲಾಗಿದೆ. ಹೊರಟೇ ಇಲ್ಲದ ರೈಲನ್ನು 'ಇನ್ನೇನು ಬರುತ್ತಿದೆ' ಎಂದೂ, ದಾರಿಯಲ್ಲಿ ಕೆಟ್ಟು ನಿಂತ ರೈಲನ್ನು 'ಬಂದೇಬಿಟ್ಟಿತು' ಎಂದೂ ಪ್ರಕಟಿಸತಕ್ಕದ್ದು. ರೈಲು ರದ್ದಾದ ಪಕ್ಷದಲ್ಲಿ, ನಾಳೆಯ ರೈಲಿಗೆ ಇಷ್ಟು ಮುಂಚಿತವಾಗಿ ಆಗಮಿಸಿದ್ದಕ್ಕಾಗಿ ಪ್ರಯಾಣಿಕರನ್ನು ಅಭಿನಂದಿಸತಕ್ಕದ್ದು."

ಗಂಟಲಣ್ಣ ಇದನ್ನು ಓದಿ ಮಡಚಿ, ಕುಂಟುವ ಕುರ್ಚಿಯ ಕಾಲಿನ ಕೆಳಗೆ ಇಟ್ಟ. ಕುರ್ಚಿ ನೆಟ್ಟಗಾಯಿತು. ಕಣ್ಣು ಮುಚ್ಚಿ ಪ್ರಾರ್ಥನೆ ಮುಗಿಸಿ ಗುಂಡಿ ಒತ್ತಿದ.

"ಪ್ರಯಾಣಿಕರ ಗಮನಕ್ಕೆ. ಗುಡ್ಡದಾಚೆಯ ರೈಲು ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ಸ್ಟೇಷನ್ ಮಾಸ್ತರಿಗೂ ಗೊತ್ತಿಲ್ಲ. ಇನ್ನೇನು ಬರುತ್ತೆ ಅಂತ ಹೇಳು ಅಂದಿದಾರೆ. ನಾನು ಹೇಳಲ್ಲ."

ಪ್ಲಾಟ್‌ಫಾರ್ಮಿನ ಮೇಲೆ ಗದ್ದಲವೆದ್ದಿತು. ಸಮಿತಿ ಕಂಡುಕೊಂಡದ್ದು ಅಕ್ಷರಶಃ ಸರಿಯಾಗಿತ್ತು. ಕಬ್ಬಿಣದ ಟ್ರಂಕು ಹೊತ್ತಿದ್ದ ಒಬ್ಬ ದಪ್ಪ ಮನುಷ್ಯ ಬಂದು ಗೂಡಿನ ಬಾಗಿಲು ಬಡಿದ.

"ಏನ್ರೀ ಇದು, ಹೀಗಾ ಬಾಯಿಗೆ ಬಂದ ಹಾಗೆ ನಿಜ ಹೇಳೋದು? ಸಂಸಾರಸ್ಥರು ಓಡಾಡೋ ಜಾಗ ಇದು!"

ಅವನ ಹಿಂದಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬರುತ್ತೆ ಅಂತ ಒಂದು ಮಾತು ಅಂದಿದ್ರೆ ನಿಮ್ಮಪ್ಪನ ಗಂಟೇನು ಹೋಗ್ತಿತ್ತು?"

ಎಲ್ಲರೂ ನೊಂದು ಮನೆಗೆ ಹೋದರು. ಕ್ಯಾಂಟೀನಿನಲ್ಲಿ ಹಂಡೆಗಟ್ಟಲೆ ಚಹಾ ಆರಿ ಕೆನೆಗಟ್ಟಿತು. ಕಾಯುವ ಹೊಟ್ಟೆಗೆ ಚಹಾ ಬೇಕು, ಮನೆಗೆ ಹೋದ ಹೊಟ್ಟೆಗೆ ಬೇಡ. ಇದಕ್ಕೆ ಅರ್ಥಶಾಸ್ತ್ರ ಓದಬೇಕಾಗಿಲ್ಲ. ಕ್ಯಾಂಟೀನು ಸ್ಟೇಷನ್ ಮಾಸ್ತರರ ಭಾವಮೈದುನನದು. ಸುತ್ತೋಲೆಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ, ತಜ್ಞರ ಸಮಿತಿಯಲ್ಲಿ ಆ ಭಾವಮೈದುನ ಒಬ್ಬ ಸದಸ್ಯನಾಗಿದ್ದದ್ದನ್ನು ಬಿಟ್ಟರೆ.

ಮಾಸ್ತರರು ಗಂಟಲಣ್ಣನನ್ನು ಕರೆಸಿದರು. ಭಾವಮೈದುನ ಮೂಲೆಯಲ್ಲಿ ಕೂತು ಲೋಟ ಒರೆಸುತ್ತಿದ್ದ.

"ಕೂತ್ಕೊಳಪ್ಪ. ನಿನ್ನ ಧರ್ಮಕ್ಕೆ ಇಲಾಖೆ ಯಾವತ್ತಾದ್ರೂ ಅಡ್ಡ ಬಂದಿದೆಯಾ?"

"ಇಲ್ಲ ಸಾರ್."

"ಮತ್ತೆ ನಿನ್ನ ಧರ್ಮ ಯಾಕೆ ಇಲಾಖೆಗೆ ಅಡ್ಡ ಬರ್ತಿದೆ?"

"ಸುಳ್ಳು ಹೇಳಬಾರದು ಅಂತ ಇದೆ ಸಾರ್ ನಮ್ಮಲ್ಲಿ."

"ಅಯ್ಯೋ ಮಾರಾಯ, ನಮ್ಮಲ್ಲೂ ಇದೆ. ಎಲ್ಲರಲ್ಲೂ ಇದೆ. ಅದನ್ನ ಯಾರಾದ್ರೂ ಆಫೀಸಿಗೆ ತರ್ತಾರಾ? ನಾನು ಮನೇಲೇ ಬಿಟ್ಟು ಬರ್ತೀನಿ, ಕಳೆದುಹೋದ್ರೆ ಕಷ್ಟ ಅಂತ."

"ಭಾವ, ನಾನೊಂದು ಮಾತು ಹೇಳ್ಲಾ?" ಅಂದ ಭಾವಮೈದುನ. "ನಿಜ ಹೇಳೋದು ತಪ್ಪು ಅಂತ ನಾನು ಹೇಳಲ್ಲ. ಹಂಡೆ ಖಾಲಿ ಆಗೋವರೆಗೆ ತಡ್ಕೋಬಹುದಲ್ಲ ಅಂತ."

ಮಾಸ್ತರರು ನಿಯಮಗಳ ಪುಸ್ತಕ ತೆಗೆದರು. ಧಾರ್ಮಿಕ ನಂಬಿಕೆಯುಳ್ಳ ನೌಕರನಿಗೆ ಇಲಾಖೆ ವಿನಾಯಿತಿ ಕೊಡತಕ್ಕದ್ದು. ಆದರೆ ಆ ನಂಬಿಕೆ ಇನ್ನೂ ಚಾಲ್ತಿಯಲ್ಲಿದೆ ಎಂದು ಅವನ ಗುರುಗಳು ಒಪ್ಪಿರತಕ್ಕದ್ದು. ಒಪ್ಪದಿದ್ದಲ್ಲಿ ನೌಕರನು ಮೈಕನ್ನೂ, ಮೈಕಿನ ಜೊತೆ ಬಂದ ಕ್ವಾರ್ಟರ್ಸನ್ನೂ ತೆರವು ಮಾಡತಕ್ಕದ್ದು.

ಗಂಟಲಣ್ಣ ಹಗುರ ಮನಸ್ಸಿನಿಂದ ಪ್ರಾರ್ಥನಾ ಮಂದಿರಕ್ಕೆ ಹೋದ. ಅಲ್ಲಿನ ಗೋಡೆಯ ಮೇಲೆ ಧರ್ಮದ ನಿಯಮಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಅಕ್ಕನ ಬೆರಳು ಹಿಡಿದು ಅವನು ಅಕ್ಷರ ಕಲಿತದ್ದೇ ಆ ಗೋಡೆಯಲ್ಲಿ. ಈಗ ಹೊಸ ಬಣ್ಣದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕೊಲ್ಲಬಾರದು ಇತ್ತು, ಕದಿಯಬಾರದು ಇತ್ತು. ಅದರ ಪಕ್ಕದಲ್ಲಿ ಕನ್ನಡಿಯಂತೆ ಹೊಳೆಯುವ ಒಂದು ಕಲ್ಲು, ಕಲ್ಲಿನ ಮೇಲೆ ಕ್ಯಾಂಟೀನ್ ಮಾಲೀಕರ ಹೆಸರು.

"ಗುರುಗಳೇ, ಇಲ್ಲಿ ಸುಳ್ಳು ಹೇಳಬಾರದು ಅಂತ ಇತ್ತಲ್ಲ?"

"ಇತ್ತಪ್ಪ," ಅಂದರು ಗುರುಗಳು ಪ್ರೀತಿಯಿಂದ. "ಒಳ್ಳೇ ನಿಯಮ."

"ಈಗ?"

"ದಾನಿಗಳ ಕಲ್ಲಿಗೆ ಜಾಗ ಬೇಕಿತ್ತು. ಈ ಕಡೆ ಕಿಟಕಿ, ಆ ಕಡೆ ಗಡಿಯಾರ. ಕಳ್ಳತನದ್ದು ತೆಗೆಸೋಣ ಅಂದ್ಕೊಂಡೆ, ದಾನಿಗಳು ಎಲ್ಲಿ ತಪ್ಪು ತಿಳ್ಕೋತಾರೋ ಅಂತ ಸುಮ್ಮನಾದೆ."

"ಹಾಗಾದ್ರೆ ಸುಳ್ಳು ಹೇಳಬಹುದಾ?"

"ಛೆ ಛೆ, ಹೇಳಬಹುದು ಅಂತ ಎಲ್ಲಿದೆ? ಹೇಳಬಾರದು ಅಂತಾನೂ ಇಲ್ಲ. ಈ ವಿಷಯದಲ್ಲಿ ಧರ್ಮ ಸದ್ಯಕ್ಕೆ ಮೌನವಾಗಿದೆ. ಕಾಲಕ್ಕೆ ತಕ್ಕ ಕೋಲ ಅಂತ ಹಿರಿಯರು ಸುಮ್ಮನೆ ಹೇಳಿದಾರಾ?"

ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು. ವಿಷಯ ಕೇಳಿ ಒಂದು ಅಂಗಿಯನ್ನು ಫಟಾರನೆ ಒದರಿದಳು.

"ನಿಮ್ಮ ಸತ್ಯಕ್ಕೆ ಚಾವಣಿ ಇದೆಯಾ? ಇದ್ರೆ ಹೇಳಿ, ನಾಳೇನೇ ಸಾಮಾನು ಸಾಗಿಸ್ತೀನಿ."

"ಅಕ್ಕನಿಗೆ ಮಾತು ಕೊಟ್ಟಿದೀನಿ ಕಣೇ."

"ನನಗೂ ಕೊಟ್ಟಿದ್ರಿ, ಬಚ್ಚಲಿಗೆ ಬಾಗಿಲು ಹಾಕಿಸ್ತೀನಿ ಅಂತ." ಅವಳು ಇನ್ನೊಂದು ಅಂಗಿ ಒದರಿದಳು. ಆಮೇಲೆ ಕೈ ನಿಲ್ಲಿಸಿ ಅಂದಳು, "ಅಲ್ರೀ, ಸುಳ್ಳು ಹೇಳೋ ಮುಂಚೆ 'ಇದು ಸುಳ್ಳು' ಅಂತ ಹೇಳಿಬಿಟ್ರೆ? ಆಗ ನೀವು ಹೇಳಿದ್ದು ನಿಜವೇ ಆಯ್ತಲ್ಲ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಗಂಟಲಣ್ಣ ಅಕ್ಕನಿಗೆ ಫೋನು ಮಾಡಿದ. ಅಕ್ಕ ಬಹಳ ಹೊತ್ತು ಯೋಚಿಸಿದಳು. ಅವಳ ಕಣ್ಣಿಗೆ ಪೊರೆ ಬೆಳೆಯುತ್ತಿತ್ತು, ಎಲ್ಲವನ್ನೂ ಈಗ ನಿಧಾನವಾಗಿ ನೋಡುತ್ತಿದ್ದಳು.

"ಹೇಳಿ ಹೇಳಿದ್ರೆ ಸುಳ್ಳಲ್ಲ ಕಣೋ. ಲೆಕ್ಕ ಸರಿ ಇದೆ. ಆದ್ರೂ ಯಾಕೋ ಗಂಟಲಲ್ಲಿ ಇಳೀತಿಲ್ಲ."

ಇಳಿಯದಿದ್ದರೂ ಮರುದಿನ ಮೈಕಿನಿಂದ ಹೊರಟಿತು: "ಪ್ರಯಾಣಿಕರ ಗಮನಕ್ಕೆ. ಮುಂದಿನ ಮಾತು ಸುಳ್ಳು. ಗುಡ್ಡದಾಚೆಯ ರೈಲು ಇನ್ನೇನು ಬರುತ್ತಿದೆ."

ಜನ ಈ ಸಲ ಏಳಲಿಲ್ಲ. ಟ್ರಂಕಿನವನು ಕಣ್ಣು ಮುಚ್ಚಿ ತಲೆದೂಗಿದ. "ಆಹಾ, ಸಂಸ್ಕಾರ ಅಂದ್ರೆ ಇದು. ಬೇರೆಯವರು ಹೇಳದೇನೇ ಹೇಳ್ತಾರೆ, ಇವರು ಹೇಳಿ ಹೇಳ್ತಾರೆ."

"ಮನಸ್ಸು ತಣ್ಣಗಾಯ್ತು," ಅಂದಳು ಅಜ್ಜಿ. "ಕೂತ್ಕೊಳ್ಳಿ ಎಲ್ಲರೂ, ಇನ್ನೇನು ಬರುತ್ತೆ."

ಕೂತರು. ಕುಡಿದರು. ಸಂಜೆಯ ಹೊತ್ತಿಗೆ ಭಾವಮೈದುನ ಹಂಡೆಯ ತಳ ಕೆರೆಯುತ್ತಿದ್ದ.

ಒಳ್ಳೆಯದು ಹರಡಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಸತ್ಯನಿಷ್ಠೆಗೆ ಧಕ್ಕೆಯಾಗದಂತೆ ಸುಳ್ಳು ಹೇಳುವ ಈ ಕ್ರಮವನ್ನು ಇಲಾಖೆ ಎಲ್ಲ ಸ್ಟೇಷನ್ನುಗಳಿಗೂ ಕಡ್ಡಾಯ ಮಾಡಿತು. ಸಂತೆಯಲ್ಲಿ ವ್ಯಾಪಾರಿಗಳು ತಕ್ಕಡಿ ಎತ್ತುವ ಮುಂಚೆ 'ಮುಂದಿನ ತೂಕ ಸುಳ್ಳು' ಅನ್ನತೊಡಗಿದರು, ಗಿರಾಕಿಗಳು ಅವರ ನೇರ ನಡೆಯನ್ನು ಮೆಚ್ಚಿ ಇನ್ನಷ್ಟು ತೂಗಿಸಿಕೊಂಡರು. ಚುನಾವಣೆಗೆ ನಿಂತವರು ಭಾಷಣಕ್ಕೆ ಮುಂಚೆ ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಗುರುಗಳು ದಾನಿಗಳ ಕಲ್ಲಿನ ಕೆಳಗೆ ಉಳಿದಿದ್ದ ಚೂರು ಜಾಗದಲ್ಲಿ 'ಹೇಳದೆ ಸುಳ್ಳು ಹೇಳಬಾರದು' ಎಂದು ಸಣ್ಣ ಅಕ್ಷರದಲ್ಲಿ ಬರೆಸಿದರು. ಧರ್ಮ ಮೌನ ಮುರಿಯಿತು.

ಗಂಟಲಣ್ಣನಿಗೆ ಪದಕ ಕೊಟ್ಟರು. ಒಂದೇ ನಿಜವನ್ನು ದಿನವೂ ಹೊಸದಾಗಿ ಹೇಳಿಸುವುದು ದುಂದುವೆಚ್ಚವೆಂದು ಅವನ ಧ್ವನಿಯನ್ನು ಯಂತ್ರಕ್ಕೆ ತುಂಬಿಸಿದರು. ಯಾವ ಪ್ರಕಟಣೆಗಾದರೂ ಮೊದಲು ಅವನ ಧ್ವನಿ ಬರುತ್ತಿತ್ತು, ಆಮೇಲೆ ಯಾರೂ ಕಂಡಿರದ ಒಬ್ಬ ಹೆಂಗಸಿನ ಜೇನಿನಂಥ ಧ್ವನಿ.

"ಸಾರ್, ನಿಜವಾದ ಪ್ರಕಟಣೆ ಇದ್ರೂ ನನ್ನ ಮಾತು ಬರುತ್ತಲ್ಲ?" ಅಂತ ಅವನು ಮಾಸ್ತರರನ್ನು ಕೇಳಿದ.

"ಯಂತ್ರಕ್ಕೆ ನಿಜ ಯಾವುದು ಸುಳ್ಳು ಯಾವುದು ಅಂತ ಗೊತ್ತಾಗಲ್ಲಪ್ಪ. ಅದಕ್ಕೆ ಬೇರೆ ಟೆಂಡರ್ ಕರೀಬೇಕು. ಅಲ್ಲದೆ, ನಿಜವಾದ ಪ್ರಕಟಣೆ ಅಂತ ಯಾವತ್ತಾದ್ರೂ ಬಂದಿದೆಯಾ?"

ಬಂದಿರಲಿಲ್ಲ. ಕ್ವಾರ್ಟರ್ಸು ಉಳಿಯಿತು. ಬಚ್ಚಲಿಗೆ ಬಾಗಿಲೂ ಬಂತು.

ಮಳೆಗಾಲ ಕಳೆದ ಮೇಲೆ ಅಕ್ಕನ ಫೋನು ಬಂತು. ಪೊರೆ ಬಲಿತಿತ್ತು, ನಾಳೆ ಬೆಳಗ್ಗೆ ಆಪರೇಷನ್.

"ನೋವಾಗಲ್ಲ, ಕಣ್ಣು ಪೂರ್ತಿ ಬರುತ್ತೆ ಅಂತ ಡಾಕ್ಟರು ಹೇಳ್ತಾರೆ ಕಣೋ. ಆದ್ರೆ ಹೇಳೋ ಮುಂಚೆ 'ಮುಂದಿನ ಮಾತು ಸುಳ್ಳು' ಅಂದ್ರು. ಈಗ ಎಲ್ಲರೂ ಅನ್ನೋದೇ ಅಂತೆ, ಮರ್ಯಾದೆಗೆ. ನನಗೆ ಯಾಕೋ ಹೆದರಿಕೆ. ನೀನು ಬಂದು ಪಕ್ಕದಲ್ಲಿ ನಿಂತ್ಕೊಂಡು ಏನಿದೆಯೋ ಅದನ್ನ ಇದ್ದ ಹಾಗೆ ಹೇಳು. ಪಟ್ಟಿ ಕಟ್ಟೋ ಮುಂಚೆ ಬಾರೋ."

"ಇವತ್ತಿನ ರೈಲಿಗೇ ಬರ್ತೀನಿ ಅಕ್ಕ."

ಗಂಡ ಹೆಂಡತಿ ಚೀಲ ಹಿಡಿದು ಪ್ಲಾಟ್‌ಫಾರ್ಮಿಗೆ ಬಂದರು. ಟ್ರಂಕಿನವನು ಇದ್ದ, ಅಜ್ಜಿ ಇದ್ದಳು. ಅವರು ಈಗ ಹೆಚ್ಚು ಕಡಿಮೆ ಅಲ್ಲೇ ಇರುತ್ತಿದ್ದರು. ಆ ದಿನ ಇಲಾಖೆಯ ಯಾವುದೋ ಹಂತದಲ್ಲಿ ನಡೆದ ಲೋಪದಿಂದಾಗಿ ಗುಡ್ಡದಾಚೆಯ ರೈಲು ಸರಿಯಾದ ಸಮಯಕ್ಕೆ ಬಂತು. ಈ ಬಗ್ಗೆ ಚಾಲಕನಿಂದ ಆಮೇಲೆ ವಿವರಣೆ ಕೇಳಲಾಯಿತು.

ಗಾಡಿ ನಿಂತಿತು. ಬಾಗಿಲುಗಳು ತೆರೆದಿದ್ದವು. ತಲೆಯ ಮೇಲಿನ ಸ್ಪೀಕರ್ ಕೆಮ್ಮಿತು.

"ಪ್ರಯಾಣಿಕರ ಗಮನಕ್ಕೆ. ಮುಂದಿನ ಮಾತು ಸುಳ್ಳು," ಅಂದ ಗಂಟಲಣ್ಣ, ಸ್ಪೀಕರಿನೊಳಗಿಂದ.

"ಗುಡ್ಡದಾಚೆಯ ರೈಲು ಬಂದು ನಿಂತಿದೆ," ಅಂದಳು ಜೇನಿನ ಧ್ವನಿಯವಳು.

ಯಾರೂ ಅಲುಗಾಡಲಿಲ್ಲ. ಟ್ರಂಕಿನವನು ನಿಂತ ರೈಲಿನ ಡಬ್ಬಿಗಳ ಸಂದಿಯಿಂದ ಕತ್ತು ಚಾಚಿ, ಹಳಿಯ ಮೇಲೆ ಏನಾದರೂ ಬರುತ್ತಿದೆಯೇ ಎಂದು ನೋಡಿದ. ಎಂಜಿನ್ನಿನ ಬಿಸಿ ಗಾಳಿ ಅಜ್ಜಿಯ ಮುಖಕ್ಕೆ ರಾಚುತ್ತಿತ್ತು. "ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಅಂದಳು.

"ರೀ, ರೈಲು ಕಣ್ರೀ!" ಹೆಂಡತಿ ಅವನ ತೋಳು ಹಿಡಿದು ಜಗ್ಗಿದಳು. ಗಂಟಲಣ್ಣ ಎದ್ದು ಹೋಗಿ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟ. ಕಬ್ಬಿಣ ಗಟ್ಟಿಯಾಗಿತ್ತು, ನಿಜವಾಗಿತ್ತು.

"ಏನ್ ಗಂಟಲಣ್ಣ," ಹಿಂದಿನಿಂದ ಟ್ರಂಕಿನವನ ದನಿ ಬಂತು, ಬಹಳ ನೊಂದ ದನಿ. "ಸುಳ್ಳು ಅಂತ ನೀವೇ ಹೇಳಿ, ನೀವೇ ಹತ್ತೋದಾ?"

ಗಂಟಲಣ್ಣನ ಕಾಲು ಅಲ್ಲೇ ನಿಂತಿತು. ಹತ್ತಿದರೆ ರೈಲು ಬಂದ ಹಾಗೆ. ರೈಲು ಬಂದಿದ್ದರೆ, ಅದು ಸುಳ್ಳು ಅಂದ ನಾಲಿಗೆ? ತಂತಿ ಎಲ್ಲಿಯವರೆಗೆ ಹೋಗಿದೆ ಅನ್ನುವುದು ಅವನಿಗೆ ನೆನಪಿತ್ತು. ಜನ್ಮದಲ್ಲಿ ಒಂದು ಸುಳ್ಳೂ ಆಡದ ಬಾಯಿ ಅದು, ಅಕ್ಕನಿಗೆ ಕೊಟ್ಟ ಮಾತು. ಅವನು ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿಕೊಂಡ. ಆಮೇಲೆ ಕಾಲನ್ನು ಕೆಳಗಿಟ್ಟು, ಬಂದು ಬೆಂಚಿನ ಮೇಲೆ ಕೂತ. ಜನ ನಿಟ್ಟುಸಿರು ಬಿಟ್ಟರು.

ರೈಲು ಸರಿಯಾದ ಸಮಯಕ್ಕೆ, ಖಾಲಿಯಾಗಿ ಹೊರಟಿತು. ಕೊನೆಯ ಡಬ್ಬಿ ಸಿಗ್ನಲ್ ದಾಟುತ್ತಿದ್ದಾಗ ಫೋನು ಬಂತು.

"ಹೊರಟ್ಯೇನೋ? ರೈಲು ಬಂತಾ?"

"ಬಂದಿಲ್ಲ ಅಂತ ನಾನೇ ಹೇಳಿದೀನಿ ಅಕ್ಕ."

"ನೀನೇ ಹೇಳಿದ್ಮೇಲೆ ನಿಜವೇ ಬಿಡು. ಈ ಕಾಲದಲ್ಲಿ ನಿನ್ನ ನಾಲಿಗೆ ಒಂದಾದ್ರೂ ಎಂಜಲಾಗಿಲ್ಲವಲ್ಲ, ಅಷ್ಟು ಸಾಕು. ನಾಳೆಗೆ ಮುಂಚೆ ಪರೀಕ್ಷೆ ಮಾಡ್ಬೇಕು ಅಂತ ಡಾಕ್ಟರು ಕರೀತಿದಾರೆ, ಇಡ್ಲಾ?"

"ಇಡಕ್ಕ."

ಸ್ಪೀಕರ್ ಮತ್ತೆ ಕೆಮ್ಮಿತು. ಮುಂದಿನ ಮಾತು ಸುಳ್ಳು ಎಂದು ಗಂಟಲಣ್ಣನ ಧ್ವನಿ ತಿಳಿಸಿತು. ನಾಳೆಯ ರೈಲಿಗೆ ಇಷ್ಟು ಮುಂಚಿತವಾಗಿ ಆಗಮಿಸಿದ್ದಕ್ಕಾಗಿ ಜೇನಿನ ಧ್ವನಿ ಎಲ್ಲರನ್ನೂ ಅಭಿನಂದಿಸಿತು. ಪ್ರಯಾಣಿಕರು ತಲೆಬಾಗಿ ಅಭಿನಂದನೆ ಸ್ವೀಕರಿಸಿದರು. ಹೆಂಡತಿ ಚೀಲ ಸರಿಸಿ ಅಜ್ಜಿಗೆ ಕಾಲು ಚಾಚಲು ಜಾಗ ಮಾಡಿಕೊಟ್ಟಳು. ಭಾವಮೈದುನ ತಾನೇ ಬಂದು ಗಂಟಲಣ್ಣನ ಕೈಗೆ ಲೋಟ ಕೊಟ್ಟ. ಚಹಾ ಕುದಿಯುತ್ತಿತ್ತು. ಗಂಟಲಣ್ಣ ಊದಿ ಊದಿ, ನಾಲಿಗೆ ಸುಡದಂತೆ ಜೋಪಾನವಾಗಿ ಕುಡಿಯತೊಡಗಿದ.