ಬಚ್ಚಲುಮನೆಯ ನೌಕಾಯುದ್ಧ

ಕಮಾಂಡರ್ ಸಾಹೇಬರ ಬಚ್ಚಲುಮನೆಯ ನಲ್ಲಿ ಅವತ್ತು ಬೆಳಿಗ್ಗೆ ತೊಟ್ಟಿಕ್ಕತೊಡಗಿತು. ಬೇರೆಯವರ ಮನೆಯಾಗಿದ್ದರೆ ಕೆಳಗೊಂದು ಬಕೆಟ್ ಇಟ್ಟು ಪ್ಲಂಬರ್‌ಗೆ ಫೋನ್ ಮಾಡುತ್ತಿದ್ದರು. ಇದು ಇಪ್ಪತ್ತೆರಡು ವರ್ಷ ನೌಕಾಪಡೆಯಲ್ಲಿದ್ದು ಸಮುದ್ರವನ್ನೇ ಪಳಗಿಸಿ ಬಂದ ಮಹಾನುಭಾವರ ಮನೆ. ಪಾಪ, ಆ ನಲ್ಲಿಗೆ ಅದು ಗೊತ್ತಿರಲಿಲ್ಲ.

"ರೀ, ನಾನು ಅಂಗಡಿಗೆ ಹೋಗಿ ಬರೋವರೆಗೆ ಅದನ್ನ ಮುಟ್ಟಬೇಡಿ," ಎಂದು ಹೆಂಡತಿ ಎರಡು ಸಲ ಹೇಳಿ ಹೋಗಿದ್ದಳು. ಮಧ್ಯಾಹ್ನ ಊಟಕ್ಕೆ ಅಡ್ಮಿರಲ್ ಬರುವವರಿದ್ದರು.

ಆ ಊಟದ ಮೇಲೆ ಸಾಹೇಬರು ಜೀವವನ್ನೇ ಇಟ್ಟುಕೊಂಡಿದ್ದರು. ಅವರಿಗೆ ಹಡಗು ಸಾಕಾಗಿತ್ತು. ದಡದ ಮೇಲೊಂದು ಆಫೀಸು, ಒಂದು ಮೇಜು, ಸಂಜೆ ಐದಕ್ಕೆ ಮನೆ. ಅಡ್ಮಿರಲ್ ಹತ್ತಿರ ಇಷ್ಟನ್ನು ಕೇಳಿಬಿಡಬೇಕು. ಹೆಂಡತಿಯ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅವಳೋ ಕಂಡಕಂಡವರ ಮುಂದೆ "ನಮ್ಮೆಜಮಾನರಿಗೆ ಹಡಗೇ ಉಸಿರು" ಎಂದು ಬೀಗುತ್ತಿದ್ದಳು. ಆದರೆ ಮೊನ್ನೆ ಹದಿನಾಲ್ಕರ ಮಗಳು ಗೆಳತಿಗೆ ಫೋನಿನಲ್ಲಿ, "ಅಪ್ಪ ಬಂದಿದ್ದಾರೆ ಕಣೇ, ಅವರು ಹೋದ್ಮೇಲೆ ಬಾ," ಎಂದದ್ದು ಕಿವಿಗೆ ಬಿದ್ದಾಗಲೇ ಸಾಹೇಬರು ಇನ್ನು ಹಡಗು ಬೇಡ ಎಂದು ನಿಶ್ಚಯಿಸಿದ್ದರು.

ಇರಲಿ, ನಲ್ಲಿಯ ಕತೆಗೆ ಬರೋಣ. ಸಾಹೇಬರು ಪಾನಾ ಹಿಡಿದು ನಲ್ಲಿಯ ಕುತ್ತಿಗೆಯನ್ನು ಮುಕ್ಕಾಲು ಸುತ್ತು ತಿರುಗಿಸಿದರು. ಅದು ಬುಡಸಮೇತ ಕೈಗೆ ಬಂತು. ಹಿಂದೆಯೇ ನೀರು ಬಂದು ಮುಖಕ್ಕೆ ರಪ್ಪನೆ ಬಡಿಯಿತು.

"ಅಪ್ಪಾ, ಮೇನ್ ವಾಲ್ವ್ ಎಲ್ಲಿದೆ?" ಮಗಳು ಕೂಗಿದಳು.

ಎಲ್ಲಿದೆ? ಎಂಟು ವರ್ಷದ ಸ್ವಂತ ಮನೆ, ಅದರಲ್ಲಿ ಸಾಹೇಬರು ಇದ್ದದ್ದು ಎಲ್ಲ ಸೇರಿ ಹನ್ನೊಂದು ತಿಂಗಳು. ಹಡಗಿನ ನೂರಾರು ವಾಲ್ವುಗಳನ್ನು ಕಣ್ಣುಮುಚ್ಚಿ ತೋರಿಸಬಲ್ಲವರು ಮನೆಯ ಒಂದೇ ವಾಲ್ವಿನ ವಿಷಯಕ್ಕೆ ತಬ್ಬಿಬ್ಬಾದರು. ಗೊತ್ತಿಲ್ಲ ಎನ್ನಲು ಮಾತ್ರ ನಾಲಿಗೆ ಹೊರಳಲಿಲ್ಲ. "ವಾಲ್ವ್ ಆಮೇಲೆ. ಮೊದಲು ಹಡಗು ಉಳಿಸಬೇಕು!" ಎಂದು ಗರ್ಜಿಸಿದರು.

ಗರ್ಜನೆ ಕೇಳಿ ಕೆಳಗಿನ ಮನೆಯ ವಿಮೆ ಏಜೆಂಟು ಓಡಿ ಬಂದ. ಎದುರುಮನೆಯ ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಂದಳು. ಪುಕ್ಕಟೆ ಸಲಹೆಗಳೂ ನೀರಿನಷ್ಟೇ ಜೋರಾಗಿ ಹರಿದವು.

"ಪೈಪಿಗೆ ಬಟ್ಟೆ ತುರುಕಿ ಸಾರ್!"

"ಅಯ್ಯೋ, ಬಟ್ಟೆ ನಿಲ್ಲಲ್ಲ ಕಣ್ರೀ, ಆಲೂಗಡ್ಡೆ ತುರುಕಿ!"

ಎರಡನ್ನೂ ತುರುಕಿದ್ದಾಯಿತು. ಆಲೂಗಡ್ಡೆ ವಾಪಸು ಬಂದು ಏಜೆಂಟನ ಕನ್ನಡಕಕ್ಕೆ ಬಡಿಯಿತು.

ಅಷ್ಟರಲ್ಲಿ ಸಾಹೇಬರ ಹದ್ದಿನ ಕಣ್ಣು ನೆಲದ ಮೂಲೆಗೆ ಬಿತ್ತು. ಅಲ್ಲೊಂದು ದುಂಡನೆಯ ತೂತು, ಅದರ ಸುತ್ತ ಗುಳುಗುಳು ಸದ್ದು! ಅವರು ಒಂದು ಕ್ಷಣವೂ ತಡಮಾಡದೆ ಲಟ್ಟಣಿಗೆ ತರಿಸಿ, ತುದಿಗೆ ಟವೆಲ್ ಸುತ್ತಿ, ತೂತಿಗಿಟ್ಟು ಸುತ್ತಿಗೆಯಿಂದ ನಾಲ್ಕು ಬಾರಿಸಿದರು.

"ಅಪ್ಪಾ, ಅದು ನೀರು ಹೊರಗೆ ಹೋಗೋ ತೂತಲ್ವಾ?"

"ತಳದಲ್ಲಿ ತೂತು ಬಿಟ್ಟುಕೊಂಡು ಯಾವ ಹಡಗು ತೇಲಿದೆ ಮಗಳೇ?"

ನೀರು ಮೊಣಕಾಲಿಗೆ ಬಂತು. ಸಾಹೇಬರು ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಜಡಿದು, ಸಂದಿಗೆಲ್ಲ ಟೇಪ್ ಹಚ್ಚಿಸಿ, ಹಾಸಿಗೆ ಒರಗಿಸಿ, ಅದಕ್ಕೆ ಊಟದ ಮೇಜು ಅಡ್ಡ ಕೊಟ್ಟರು. "ಒಂದು ಕೋಣೆ ಹೋದರೆ ಹೋಗಲಿ, ಹಡಗು ಉಳಿಯಿತು," ಎಂದು ಹಣೆ ಒರೆಸಿಕೊಂಡರು. ಏಜೆಂಟು ಭಾವಪರವಶನಾಗಿ ಸಲ್ಯೂಟ್ ಹೊಡೆದೇಬಿಟ್ಟ.

ಹನ್ನೆರಡು ಹೊಡೆಯಿತು. ಬಿಳಿ ಸಮವಸ್ತ್ರ, ಬಿಳಿ ಬೂಟು ತೊಟ್ಟ ಅಡ್ಮಿರಲ್ ಒಳಗೆ ಬಂದರು. ಸಾಹೇಬರು "ಸರ್, ನನ್ನದೊಂದು ಸಣ್ಣ ಕೋರಿಕೆ..." ಎಂದು ಶುರುಮಾಡುವುದಕ್ಕೂ ಬಚ್ಚಲುಮನೆಯ ಬಾಗಿಲು ಢಮಾರ್ ಎನ್ನುವುದಕ್ಕೂ ಸರಿಹೋಯಿತು. ಮೇಜು ಬಂತು, ಹಾಸಿಗೆ ಬಂತು, ಅವುಗಳ ಹಿಂದೆ ನೀರು ಬಂತು. ಅಡ್ಮಿರಲ್ ಹಾಸಿಗೆಯ ಮೇಲೆ ಅಂಗಾತ ಬಿದ್ದು, ಮುಂಬಾಗಿಲವರೆಗೆ ಸವಾರಿ ಮಾಡಿ, ಆಗಷ್ಟೇ ಚೀಲ ಹಿಡಿದು ಬಂದ ಹೆಂಡತಿಯ ಕಾಲಬುಡದಲ್ಲಿ ನಿಂತರು.

ಅವಳು ನೆಟ್ಟಗೆ ಅಡುಗೆಮನೆಗೆ ಹೋಗಿ, ಸಿಂಕಿನ ಕೆಳಗೆ ಕೈ ಹಾಕಿ ವಾಲ್ವ್ ತಿರುಗಿಸಿದಳು. ನೀರು ನಿಂತಿತು.

ಅಡ್ಮಿರಲ್ ಎದ್ದರು. ಅವರ ಮೀಸೆಯಿಂದ ನೀರು ಇಳಿಯುತ್ತಿತ್ತು. "ರೀ ಕಮಾಂಡರ್! ನಿಮಗೆ ಹೊಸ ಹಡಗು ಒಪ್ಪಿಸೋಣ ಅಂತ ಆದೇಶ ಜೇಬಲ್ಲಿಟ್ಟುಕೊಂಡು ಬಂದಿದ್ದೆ. ಒಂದು ಬಚ್ಚಲು ಕಾಯೋಕಾಗದವರಿಗೆ ಹಡಗಂತೆ! ರಿಟೈರ್ ಆಗೋವರೆಗೂ ದಡದಲ್ಲಿ ಕೂತು ಫೈಲು ನೋಡ್ಕೊಂಡಿರಿ!"

ಸಾಹೇಬರಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಕುಣಿಯಬೇಕೆನಿಸಿತು. ಆದರೆ ಮೇಲಧಿಕಾರಿ ಬೈಯುವಾಗ ಹಲ್ಲು ಕಿರಿಯಬಾರದಲ್ಲ, ತುಟಿ ಕಚ್ಚಿ ತಲೆ ತಗ್ಗಿಸಿದರು. ಆ ಸಂತೋಷಕ್ಕೆ ಭುಜಗಳು ಮಾತ್ರ ನಡುಗುತ್ತಿದ್ದವು.

ಹೆಂಡತಿ ನೋಡಿದಳು. ಗಂಡ ಅಳುತ್ತಿದ್ದಾನೆ!

"ಏನಂದ್ರಿ ಸರ್?" ಸೊಂಟಕ್ಕೆ ಕೈ ಕೊಟ್ಟಳು. "ಇವರನ್ನ ಬಯ್ಯೋದಿದ್ರೆ ನಾನು ಬಯ್ತೀನಿ. ಇಪ್ಪತ್ತೆರಡು ವರ್ಷ ಹೆಂಡತಿ ಮಗಳನ್ನ ಬಿಟ್ಟು ನಿಮ್ಮ ಹಡಗು ಕಾದೋರು ಇವರು. ಒಂದೇ ಒಂದು ಸಲ ಬೇಡ ಅಂದಿದ್ದಾರಾ? ಹಡಗು ಕಿತ್ಕೊಂಡ್ರೆ ಈ ಮನುಷ್ಯ ಬದುಕೋದೇ ಇಲ್ಲ!"

ಸಾಹೇಬರು ಹಿಂದಿನಿಂದ ಅವಳ ಸೆರಗು ಜಗ್ಗಿದರು.

"ನೀವು ಸುಮ್ನಿರ್ರೀ, ನಿಮಗೆ ಸಂಕೋಚ!"

"ಹೌದು ಸಾರ್," ಏಜೆಂಟು ಮುಂದೆ ಬಂದ, "ಎದೆ ಕೊಟ್ಟು ಹೋರಾಡಿದ್ರು!"

"ನಮ್ಮನೇಗೆ ಒಂದು ಹನಿ ಬಿಡಲಿಲ್ಲ!" ಟೈಲರಮ್ಮ ಕಣ್ಣೊರೆಸಿಕೊಂಡಳು.

ಅಡ್ಮಿರಲ್ ಬಹಳ ಹೊತ್ತು ಸಾಹೇಬರ ನಡುಗುವ ಭುಜಗಳನ್ನೇ ನೋಡಿದರು. ಜೇಬಿನಿಂದ ಒದ್ದೆ ಕಾಗದ ತೆಗೆದು ಸಾಹೇಬರ ಕೈಗಿಟ್ಟರು. "ನನ್ನದು ತಪ್ಪಾಯ್ತಮ್ಮಾ. ಹಡಗು ಇವರದ್ದೇ. ಸೋಮವಾರ ಹೊರಡಲಿ, ಪೂರ್ತಿ ಮೂರು ವರ್ಷ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಸಾಹೇಬರ ಕಣ್ಣಿನಿಂದ ನಿಜವಾಗಿಯೂ ನೀರು ಬಂತು.

"ನೋಡು, ನೋಡು," ಹೆಂಡತಿ ಹೆಮ್ಮೆಯಿಂದ ಮಗಳನ್ನು ತಿವಿದಳು, "ನಿಮ್ಮಪ್ಪ ಇಷ್ಟು ಖುಷಿಯಾಗಿದ್ದನ್ನ ನಾನು ಯಾವತ್ತೂ ನೋಡಿಲ್ಲ!"