ಲ್ಯಾಪ್‌ಟಾಪಿನ ಗಂಟಲು ನಾನು ರಿಪೇರಿ ಮಾಡಿದ್ದು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವನು ಖಂಡಿತ ಮದುವೆಯಾದವನೇ ಇರಬೇಕು. ಬಸ್ ಡಿಪೋದ ಸ್ಟೋರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಯಾವ ಬೇರಿಂಗು ಯಾವ ಖಾನೆಯಲ್ಲಿದೆ ಎಂದು ಕಣ್ಣುಮುಚ್ಚಿಕೊಂಡು ಹೇಳಬಲ್ಲೆ. ಮೆಕ್ಯಾನಿಕ್ಕುಗಳೆಲ್ಲ ನನ್ನ ಕಿಟಕಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ. (ಆ ಬೇರಿಂಗನ್ನು ಬಸ್ಸಿನಲ್ಲಿ ಎಲ್ಲಿಗೆ ಹಾಕುತ್ತಾರೆಂದು ನನಗೆ ಗೊತ್ತಿಲ್ಲ. ಅದು ಅವರ ಕೆಲಸ.) ಇಂಥ ಯಂತ್ರವಿಶಾರದ ಮನೆಯಲ್ಲೇ ಇರುವಾಗ, ಲ್ಯಾಪ್‌ಟಾಪಿನ ಧ್ವನಿ ಕೆಟ್ಟ ಕೂಡಲೇ ನನ್ನ ಹೆಂಡತಿ ಆಡಿದ ಮೊದಲ ಮಾತೇನು ಗೊತ್ತೇ?

"ರೀ, ದಮ್ಮಯ್ಯ, ನೀವು ಮುಟ್ಟಬೇಡಿ."

ಅವಳ ಸಂಕಟ ನನಗೆ ಅರ್ಥವಾಗದ್ದೇನಲ್ಲ. ನೀರಿನ ಫಿಲ್ಟರ್ ಕಂಪನಿಯೊಂದರ ದೂರು ವಿಭಾಗದಲ್ಲಿ ಅವಳದು ಹನ್ನೊಂದು ವರ್ಷದ ಸೇವೆ. ಊರಿನವರ ಬೈಗುಳವನ್ನೆಲ್ಲ ಫೋನಿನಲ್ಲಿ ನಗುನಗುತ್ತಾ ಕೇಳಿ ಕೇಳಿ, ಈಗ ಆ ವಿಭಾಗದ ಮುಖ್ಯಸ್ಥೆಯಾಗುವ ಅವಕಾಶ ಬಂದಿತ್ತು. ಆ ದಿನ ಮಧ್ಯಾಹ್ನ ಮೂರಕ್ಕೆ ಹೆಡ್ಡಾಫೀಸಿನ ಮೂವರು ಅಧಿಕಾರಿಗಳು ವಿಡಿಯೋದಲ್ಲಿ ಸಂದರ್ಶನ ಮಾಡುವವರಿದ್ದರು. ದೂರುಗಳ ಪಟ್ಟಿಯನ್ನು ಪರದೆಯ ಮೇಲೆ ತೋರಿಸಬೇಕು, ಹಾಗಾಗಿ ಮೊಬೈಲಿನಲ್ಲಿ ಆಗುವುದಿಲ್ಲ. ಈ ಕೆಲಸ ತಪ್ಪಿದರೆ, ಜನ್ಮದಲ್ಲಿ ಒಂದು ದೂರನ್ನೂ ಕೇಳದ ಯಾರೋ ಹೊರಗಿನವರು ಬಂದು ಅವಳ ತಲೆಯ ಮೇಲೆ ಕೂರುತ್ತಾರೆ. ಅವಳಿಗೆ ಅದು ಬೇಡವಾಗಿತ್ತು, ನನಗೂ ಬೇಡವಾಗಿತ್ತು.

ಬೆಳಿಗ್ಗೆ ಹತ್ತಕ್ಕೆ ಅಭ್ಯಾಸ ಮಾಡೋಣವೆಂದು ಅವಳು ಹಳೆಯ ಮೀಟಿಂಗಿನ ರೆಕಾರ್ಡಿಂಗ್ ಹಾಕಿದಳು. ಅದರಲ್ಲಿ ಅವಳ ಮ್ಯಾನೇಜರ್ ಬಾಯಿ ತೆರೆದರೆ ಸಾಕು, ಗರಗರ, ಬರಬರ! ಪಾಪ, ಆತ ಶುಭೋದಯ ಹೇಳುತ್ತಿದ್ದರೂ ಜಲ್ಲಿಕಲ್ಲು ಜರಡಿ ಹಿಡಿದ ಹಾಗೆ ಕೇಳುತ್ತಿತ್ತು. ಬೀದಿಕೊನೆಯ ರಿಪೇರಿ ಅಂಗಡಿಗೆ ಫೋನ್ ಮಾಡಿದಳು. ಸೋಮವಾರ ತನ್ನಿ ಎಂದರು. ಆಗ ರಣರಂಗಕ್ಕೆ ನಾನೇ ಇಳಿದೆ.

"ಮೊದಲು ರೋಗ ಎಲ್ಲಿದೆ ಅಂತ ನೋಡ್ಬೇಕು ಕಣೇ" ಎಂದು ಡ್ರಾಯರಿನ ತಳದಿಂದ ಹಳೆಯ ಇಯರ್‌ಫೋನು ತೆಗೆದು ಸಿಕ್ಕಿಸಿದೆ. ವೈರನ್ನು ಎರಡು ಬೆರಳಲ್ಲಿ ಮಡಚಿ ಹಿಡಿದಾಗ ಮಾತ್ರ, ಒಂದು ಕಿವಿಯಲ್ಲಿ, ಮ್ಯಾನೇಜರ್ ಸ್ಫಟಿಕದಂತೆ ಮಾತಾಡಿದರು. "ನೋಡಿದ್ಯಾ! ಒಳಗೆಲ್ಲಾ ಸರಿಯಾಗಿದೆ. ತೊಂದರೆ ಇರೋದು ಸ್ಪೀಕರಿನ ಕಡೆ. ಬೇಕಾದ್ರೆ ಸಂದರ್ಶನ ಮುಗಿಯೋವರೆಗೂ ನಾನು ಪಕ್ಕದಲ್ಲೇ ಕೂತು ವೈರ್ ಹಿಡ್ಕೋತೀನಿ."

"ಅದೊಂದು ಬಾಕಿ ಇತ್ತು! ಬೇಡ" ಎಂದಳು.

ನಮ್ಮ ಅತ್ತೆ ನಮ್ಮೊಂದಿಗೇ ಇದ್ದಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಅವರು ಕುರ್ಚಿಯಿಂದಲೇ ಕಿವಿಯಾನಿಸಿ, "ಅಳಿಯಂದಿರೇ, ಶಬ್ದ ತಳದಿಂದ ಬರ್ತಿದೆ. ಏನೋ ಅದುರ್ತಿರೋ ಹಾಗಿದೆ. ಒಂದ್ಸಲ ಮಗುಚಿ ನೋಡಬಾರ್ದಾ?" ಎಂದರು.

"ಅತ್ತೆ, ನಿಮ್ಮ ಎಕ್ಸ್‌ಚೇಂಜ್ ಕಾಲ ಬೇರೆ. ಇದು ಡಿಜಿಟಲ್. ಮಗುಚೋಕೆ ಇದೇನು ದೋಸೆನಾ?"

ನಾನು ಸೆಟ್ಟಿಂಗಿಗೆ ಕೈ ಹಾಕಿದೆ. ವಾಲ್ಯೂಮ್ ಇಳಿಸಿದೆ, ಗರಗರ ಕಡಿಮೆಯಾಯಿತು, ಆದರೆ ಮ್ಯಾನೇಜರ್ ಪಕ್ಕದ ಬೀದಿಗೆ ಹೋಗಿ ಪಿಸುಗುಟ್ಟಿದಂತಾಯಿತು. ಧ್ವನಿಯನ್ನು ಸುಧಾರಿಸುವ ಒಂದು ಸೌಲಭ್ಯ ಕಂಡಿತು, ಚಾಲೂ ಮಾಡಿದೆ. ಆತ ಬಾವಿಯೊಳಗೆ ಬಿದ್ದು ಗರಗರ ಎನ್ನತೊಡಗಿದರು. ಗಾಬರಿಯಿಂದ ಅದನ್ನು ಬಂದ್ ಮಾಡಿದೆ. ಇನ್ನು ಉಳಿದದ್ದು ಬ್ರಹ್ಮಾಸ್ತ್ರ. ಸೌಂಡಿನ ಡ್ರೈವರ್ ಎಂಬ ಸಾಫ್ಟ್‌ವೇರನ್ನೇ ಕಿತ್ತುಹಾಕಿದೆ.

"ಕೇಳು! ಗರಗರ ಪೂರ್ತಿ ನಿಂತುಹೋಯ್ತು!"

"ಮ್ಯಾನೇಜರೂ ನಿಂತುಹೋದ್ರಲ್ಲಾ ರೀ! ಒಂದು ಸೊಲ್ಲೂ ಬರ್ತಿಲ್ಲ. ಅಯ್ಯೋ, ಹನ್ನೊಂದು ವರ್ಷ ಮಣ್ಣುಪಾಲಾಯ್ತು!"

ಅವಳ ಕಣ್ಣಂಚಿನಲ್ಲಿ ನೀರು ಕಂಡಿತು. ಆದರೆ ವೈದ್ಯನೇ ಹೆದರಿದರೆ ರೋಗಿಯ ಗತಿಯೇನು? ಡ್ರೈವರನ್ನು ಮತ್ತೆ ಇಳಿಸಿಕೊಂಡು, ಲ್ಯಾಪ್‌ಟಾಪ್ ಆರಿಸಿ ಹೊತ್ತಿಸಿದೆ. ಧ್ವನಿ ಬಂತು. ಜೊತೆಗೆ ಗರಗರವೂ ತವರಿಗೆ ಬಂದ ಮಗಳ ಹಾಗೆ ಸಂಭ್ರಮದಿಂದ ಮರಳಿತು. ಆಗ ಗಂಟೆ ಒಂದೂವರೆ. ನಾನು ಸ್ಕ್ರೂಡ್ರೈವರ್ ತಂದೆ.

ಹೆಂಡತಿ ಸ್ಕ್ರೂಡ್ರೈವರನ್ನು ನೋಡಿದಳು, ತಾಯಿಯನ್ನು ನೋಡಿದಳು, ಕಣ್ಣೊರೆಸಿಕೊಂಡಳು. ಎಲ್ಲಿಂದ ಬಂತೋ, ಮುಖದಲ್ಲಿ ಸುಂದರವಾದ ಒಂದು ನಗು ಬಂತು. "ರೀ, ಒಂದು ಲೋಟ ಟೀ ಕುಡೀರಿ ಮೊದಲು. ಬೆಳಿಗ್ಗೆಯಿಂದ ಎಷ್ಟು ಒದ್ದಾಡ್ತಿದ್ದೀರಿ."

ಕುಡಿದೆ.

"ಬಿಚ್ಚೋದು ನಿಮಗೇನು ಕಷ್ಟ ಅಲ್ಲ. ಆದರೆ ಗ್ಯಾರಂಟಿ ಕಾರ್ಡ್ ನೋಡದೆ ಬಿಚ್ಚಿದ್ರೆ ನಾಳೆ ಅಂಗಡಿಯವರು ತಕರಾರು ತೆಗೀತಾರೆ. ಮಹಡಿ ಮೇಲಿನ ಟ್ರಂಕಿನಲ್ಲಿರಬೇಕು. ನಮಗೆಲ್ಲ ಹುಡುಕೋಕೆ ಆಗಲ್ಲಪ್ಪ, ಅದಕ್ಕೆ ಸ್ಟೋರಿನವರೇ ಬೇಕು."

ಗುಣ ಬಲ್ಲವರು ಆಡುವ ಮಾತೆಂದರೆ ಇದು! ಮಹಡಿ ಹತ್ತಿದೆ. ಇಪ್ಪತ್ತು ನಿಮಿಷ ಟ್ರಂಕನ್ನು ಜಾಲಾಡಿದೆ. ಹತ್ತು ವರ್ಷದ ಹಿಂದಿನ ಮಿಕ್ಸಿಯದು, ಈಗ ಇಲ್ಲದ ಟಿವಿಯದು, ಎಲ್ಲದರ ಗ್ಯಾರಂಟಿ ಸಿಕ್ಕಿತು, ಲ್ಯಾಪ್‌ಟಾಪಿನದು ಬಿಟ್ಟು. ತಲೆತುಂಬ ಧೂಳಿನೊಂದಿಗೆ ಕೆಳಗಿಳಿದರೆ, ಏನು ಹೇಳಲಿ! ಮ್ಯಾನೇಜರ್ ಕೋಣೆಯ ನಡುವೆ ನಿಂತು ಮಾತಾಡುತ್ತಿರುವಷ್ಟು ಸ್ಪಷ್ಟವಾಗಿ ಶುಭೋದಯ ಹೇಳುತ್ತಿದ್ದರು.

"ನೀವು ಹಾಕಿದ ಡ್ರೈವರ್ ಈಗ ಸರಿಯಾಗಿ ಕೂತ್ಕೊಂಡಿತು ಅನ್ಸುತ್ತೆ ರೀ. ಸದ್ಯ, ನೀವಿದ್ರಿ!" ಎಂದಳು ಹೆಂಡತಿ. ಅತ್ತೆ ಸೀರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೆಮ್ಮಿದರು.

"ಕೆಲವು ಡ್ರೈವರ್‌ಗಳು ಹಾಗೇ, ಕೂತ್ಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು" ಎಂದು ನಾನು ಗಂಭೀರವಾಗಿ ವಿವರಿಸಿದೆ.

ಮೂರು ಗಂಟೆಗೆ ಸಂದರ್ಶನ ಶುರುವಾಯಿತು. ನಾನು ಪಕ್ಕದ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ಒಂದೊಂದು ಮಾತನ್ನೂ ನನ್ನ ಕೈಕೆಲಸವೆಂಬ ಹೆಮ್ಮೆಯಿಂದ ಆಲಿಸುತ್ತಿದ್ದೆ. ಅತ್ತೆ ನನ್ನೆದುರು ಕೂತು ಬಟಾಣಿ ಸುಲಿಯುತ್ತಿದ್ದರು. ಅಂಕಿಅಂಶದ ಪ್ರಶ್ನೆಗಳಿಗೆ ಹೆಂಡತಿ ಪಟಪಟನೆ ಉತ್ತರ ಕೊಟ್ಟಳು. ಕೊನೆಗೆ ಒಬ್ಬ ದಪ್ಪ ದನಿಯ ಅಧಿಕಾರಿ ಕೇಳಿದರು:

"ಏನೂ ಗೊತ್ತಿಲ್ಲದಿದ್ದರೂ ಎಲ್ಲಾ ಗೊತ್ತು ಅನ್ನೋ ಗ್ರಾಹಕರು ಇರ್ತಾರಲ್ಲಮ್ಮ, ಅವರನ್ನ ಹೇಗೆ ನಿಭಾಯಿಸ್ತೀರಿ? ಪುಸ್ತಕದ ಉತ್ತರ ಬೇಡ. ಒಂದು ನಿಜವಾದ ಉದಾಹರಣೆ ಕೊಡಿ."

ನನ್ನ ಹೆಂಡತಿಯ ದನಿ ಕೇಳಿಸಿತು. "ಇವತ್ತಿನದೇ ಹೇಳ್ಲಾ ಸಾರ್? ಹೋದ ತಿಂಗಳು ಒಬ್ಬರು, ಗೀರು ಬೀಳಬಾರದು ಅಂತ, ಹೊಸ ಲ್ಯಾಪ್‌ಟಾಪಿನ ತಳಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ರು. ಫ್ಯಾನಿಗೆ ಜಾಗ ಬಿಟ್ಟಿದ್ರು, ಸ್ಪೀಕರಿನ ತೂತುಗಳನ್ನ ಮುಚ್ಚಿಬಿಟ್ಟಿದ್ರು. ಇವತ್ತು ಹಾಳೆಯ ಅಂಚು ಎದ್ದು, ಸದ್ದಿಗೆ ಅದುರೋಕೆ ಶುರುವಾಯ್ತು. ಅವರು ಮೂರೂವರೆ ಗಂಟೆ ಸಾಫ್ಟ್‌ವೇರ್ ರಿಪೇರಿ ಮಾಡಿದ್ರು."

ನನ್ನ ಕೈಯಲ್ಲಿದ್ದ ನೀರಿನ ಲೋಟ ತುಟಿಯ ಹತ್ತಿರವೇ ನಿಂತಿತು.

"ಅಂಥವರ ಜೊತೆ ವಾದ ಮಾಡಬಾರದು ಸಾರ್. ಮೊದಲು ಟೀ ಕೊಡಬೇಕು. ಆಮೇಲೆ ಅವರಿಂದ ಮಾತ್ರ ಆಗೋದು ಅನ್ನಿಸೋ ಕೆಲಸ ಕೊಟ್ಟು ದೂರ ಕಳಿಸ್ಬೇಕು. ಅವರು ಹೋದ ಮೇಲೆ, ತಿಳಿದವರ ಕೈಲಿ ಕೆಲಸ ಮಾಡಿಸ್ಬೇಕು. ನಮ್ಮಮ್ಮ ಎರಡೇ ನಿಮಿಷದಲ್ಲಿ ಹಾಳೆ ಕಿತ್ತರು. ಕೊನೇಲಿ, ನಿಮ್ಮಿಂದಾನೇ ಸರಿಹೋಯ್ತು ಅಂತ ಹೇಳಬೇಕು. ಅವರೂ ಸಂತೋಷ, ನಾವೂ ಸಂತೋಷ."

ಮೂವರೂ ಅಧಿಕಾರಿಗಳು ಬಿದ್ದು ಬಿದ್ದು ನಕ್ಕರು. ಆ ನಗು ಎಷ್ಟು ಶುದ್ಧವಾಗಿ ಕೇಳಿಸಿತೆಂದರೆ, ಯಾರಿಗೆ ಶೀತವಾಗಿದೆ ಎಂದು ಕೂಡ ಹೇಳಬಹುದಿತ್ತು.

"ಅವರಿಗೆ ಈ ವಿಷಯ ಗೊತ್ತಾಮ್ಮ?" ಎಂದರು ದಪ್ಪ ದನಿಯವರು.

"ಅಡುಗೆಮನೇಲಿದ್ದಾರೆ ಸಾರ್. ಸ್ಪೀಕರ್ ಈಗ ಚೆನ್ನಾಗಿದೆಯಲ್ಲ, ಗೊತ್ತಾಗಿರುತ್ತೆ."

ಅತ್ತೆ ನನ್ನ ಮುಖ ನೋಡಲಿಲ್ಲ. ಬಟಾಣಿಯ ಬುಟ್ಟಿಯನ್ನು ಮಾತ್ರ ಮೆಲ್ಲಗೆ ನನ್ನ ಕಡೆ ಸರಿಸಿದರು. ನಾನೂ ಸುಲಿಯತೊಡಗಿದೆ. ಕೋಪ ಬಂದಿತ್ತು, ಸುಳ್ಳೇಕೆ? ಆದರೆ ಅಷ್ಟರಲ್ಲಿ ಒಳಗಿನಿಂದ "ಅಭಿನಂದನೆ ಅಮ್ಮಾ, ಸೋಮವಾರದಿಂದ ಆ ಕುರ್ಚಿ ನಿಮ್ಮದೇ" ಎಂಬ ಮಾತು ಬಂತು. ಕೋಪ ಎಲ್ಲಿ ಹೋಯಿತೋ, ಬಟಾಣಿ ಚೆಲ್ಲಿ ಎದ್ದು ನಿಂತಿದ್ದೆ.

ಹೆಂಡತಿ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ರೀ, ಸಿಕ್ತು! ನಿಜವಾಗ್ಲೂ ನಿಮ್ಮಿಂದಾನೇ ಸಿಕ್ತು ಕಣ್ರೀ!"

ಇದು ಮನಸ್ಸಿನ ಮಾತೋ, ಅವಳ ವಿಧಾನದ ಕೊನೆಯ ಭಾಗವೋ ಎಂದು ಕೇಳಿಯೇ ಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ದರಿದ್ರ ಬಾಯಿ ತಾನಾಗಿಯೇ, "ಹೌದು ಮತ್ತೆ, ಆ ಹಾಳೆ ನಾನು ಅಂಟಿಸದೇ ಇದ್ದಿದ್ರೆ ನಿನಗೆ ಉದಾಹರಣೆ ಎಲ್ಲಿ ಸಿಗ್ತಿತ್ತು?" ಎಂದುಬಿಟ್ಟಿತು.

ಅವಳು ಅತ್ತೆಯ ಕಡೆ ತಿರುಗಿ, "ಅಮ್ಮಾ, ಇವರಿಗೆ ಇನ್ನೊಂದು ಲೋಟ ಟೀ ಇಡು" ಎಂದಳು.