ಒಂದನೇ ಗೇರಿನ ಮೆರವಣಿಗೆ

ಅಂದು ಬೆಳಗ್ಗೆ ಬಿಸಿಲಿಗೂ ಮೋಡಕ್ಕೂ ಇನ್ನೂ ಮಾತುಕತೆ ಮುಗಿದಿರಲಿಲ್ಲ. ಒಂದು ಗಳಿಗೆ ರಸ್ತೆಯೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು, ಮರುಗಳಿಗೆ ಯಾರೋ ಮೇಲಿನಿಂದ ಕಂಬಳಿ ಹೊದೆಸಿದಂತೆ ಮಂಕಾಗುತ್ತಿತ್ತು. ಭಗವಂತನೇ ಇನ್ನೂ ಏನೂ ತೀರ್ಮಾನಿಸದ ಅಂಥ ಹೊತ್ತಿನಲ್ಲಿ, ಆಸ್ಪತ್ರೆಯ ಹಿಂದಿನ ತಿರುವಿನಲ್ಲಿ ಗೇರ್ ಮೇಷ್ಟ್ರ ಕಾರು ಒಂದನೇ ಗೇರನ್ನು ಕಚ್ಚಿ ಹಿಡಿದು, ಎರಡಕ್ಕೆ ನಾನೊಲ್ಲೆ ಎಂದು ಹಟ ಮಾಡಿತು.

ಮೇಷ್ಟ್ರ ಕಸುಬು ಜನಕ್ಕೆ ಕಾರು ಓಡಿಸಲು ಕಲಿಸುವುದು. ಇಪ್ಪತ್ತೇಳು ವರ್ಷ, ಒಂದೇ ಕಾರು, ನಾನೂರು ಶಿಷ್ಯರು. ಕಲಿಯುವವರ ಕಾಲಡಿಯ ಕ್ಲಚ್ಚು ಬ್ರೇಕುಗಳಲ್ಲದೆ, ಪಕ್ಕದಲ್ಲಿ ಮೇಷ್ಟ್ರು ಕೂರುವ ಕಡೆಗೂ ಒಂದು ಜೊತೆ ಇತ್ತು, ಆಪತ್ಕಾಲಕ್ಕೆ ಅಂತ. "ನನ್ನ ಶಿಷ್ಯರು ಗೇರ್ ಹಾಕಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗಿರಬೇಕು" ಎಂಬುದು ಅವರ ಮಾತು. ಆ ಹೆಮ್ಮೆ ಎಷ್ಟಿತ್ತೆಂದರೆ, ಅವರು ಬೀದಿಯಲ್ಲಿ ಬರುವಾಗ ಮೊದಲು ಎದೆ ಬರುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಬರುತ್ತಿದ್ದರು.

ಅಂದು ಸ್ಟೇರಿಂಗ್ ಹಿಡಿದಿದ್ದವಳು ಒಬ್ಬ ನರ್ಸು. ಹನ್ನೊಂದನೇ ಪಾಠ. ಮುಂದಿನ ವಾರ ಪರೀಕ್ಷೆ. ಲೈಸೆನ್ಸ್ ಸಿಕ್ಕರೆ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಆಸ್ಪತ್ರೆಯ ಗಾಡಿಯ ಕೆಲಸ ಅವಳಿಗೇ ಎಂದಾಗಿತ್ತು.

"ಏನು ಮಾಡ್ದೆ ತಾಯಿ?" ಎಂದರು ಮೇಷ್ಟ್ರು, ಹಲ್ಲು ಕಚ್ಚಿಕೊಂಡು.

"ಎರಡಕ್ಕೆ ಹಾಕ್ದೆ ಸರ್. ಹೋಗ್ತಾ ಇಲ್ಲ."

"ಅದು ಹೋಗ್ತಾ ಇಲ್ವೋ, ನಿಂಗೆ ಹಾಕೋಕೆ ಬರ್ತಾ ಇಲ್ವೋ? ಇಳಿ, ಹಿಂದೆ ಕೂತ್ಕೋ."

ಮೇಷ್ಟ್ರು ತಾವೇ ಹಿಡಿದು ನೋಡಿದರು. ಎರಡು ಎಂದರೆ ಕರ್ರ್ ಎಂದಿತು. ಮೂರು ಎಂದರೆ ಅಜ್ಜನ ಮೊಣಕಾಲಿನಂತೆ ಲಟಕ್ಕೆಂದಿತು. ನಾಲ್ಕನ್ನು ಕೇಳುವ ಧೈರ್ಯ ಅವರಿಗಾಗಲಿಲ್ಲ. ಮೆಲ್ಲಗೆ ಅಳಿಯನಿಗೆ ಫೋನು ಮಾಡಿದರು.

"ಸಾಕು ಬಿಡಿ ಮಾವ" ಎಂದ ಅಳಿಯ. ಇದಕ್ಕೇ ಕಾದಿದ್ದವನ ದನಿ. "ಮುದುಕನಿಗೆ ಹೊಸ ಹಲ್ಲು ಕಟ್ಟಿಸಿ ಯಾರಿಗೆ ಮದುವೆ ಮಾಡ್ಬೇಕು? ಗೇರಿಲ್ಲದ ಕಾರು ನೋಡಿಟ್ಟಿದ್ದೀನಿ. ಸಂಜೆ ಐದಕ್ಕೆ ಅವ್ರೇ ಬಂದು ಹಳೇದನ್ನ ಎಳ್ಕೊಂಡು ಹೋಗ್ತಾರೆ. ಕ್ಲಚ್ಚೇ ಇಲ್ಲ, ಆರಾಮಾಗಿ ಕಾಲು ಚಾಚ್ಕೊಂಡು ಕೂರ್ಬಹುದು."

"ಗೇರೇ ಇಲ್ಲದ ಮೇಲೆ ನಾನು ಕಲಿಸೋದೇನಪ್ಪ? ಹಾರ್ನ್ ಹೊಡೆಯೋದನ್ನಾ?"

ಅಳಿಯ ನಕ್ಕ. ಮೇಷ್ಟ್ರು ನಗಲಿಲ್ಲ. ಗೇರಿಲ್ಲದ ಕಾರು ಬಂದರೆ ಗೇರ್ ಮೇಷ್ಟ್ರಲ್ಲಿ ಉಳಿಯುವುದು ಬರೀ ಮೇಷ್ಟ್ರು. ಕಣ್ಣು ಮುಚ್ಚಿ, ಮೇಲಿನವನನ್ನು ಸಾಕ್ಷಿಗೆ ಕರೆದು ಒಂದು ನೇಮ ಮಾಡಿಕೊಂಡರು. ಕಾರು ಮುಪ್ಪಿನಿಂದ ಕೆಟ್ಟಿದ್ದರೆ ಕೊಟ್ಟುಬಿಡುವುದು. ಯಾರದೋ ಕಾಲಿನ ತಪ್ಪಿನಿಂದ ಕೆಟ್ಟಿದ್ದರೆ ರಿಪೇರಿ ಮಾಡಿಸುವುದು. ಯಾರೋ ಮಾಡಿದ ತಪ್ಪಿಗೆ ಕಾರನ್ನು ಮನೆ ಬಿಟ್ಟು ಕಳಿಸುವುದು ಧರ್ಮವಲ್ಲ.

ಹೀಗೆ ಒಂದನೇ ಗೇರಿನಲ್ಲೇ ಮೆಕ್ಯಾನಿಕ್ಕಿನ ಶೆಡ್ಡಿನ ಕಡೆಗೆ ಸವಾರಿ ಹೊರಟಿತು.

ಕೆಟ್ಟು ನಿಂತ ಕಾರಿನ ಸುತ್ತ ಜನ ಸೇರಿದರೆ ಹೇಗೋ ಸಹಿಸಬಹುದು. ನಡಿಗೆಯ ವೇಗದ ಕಾರಿನ ಕಷ್ಟವೇ ಬೇರೆ, ಜನ ಜೊತೆಗೇ ನಡೆದು ಬರುತ್ತಾರೆ. ಮೊದಲು ಸೇರಿದವನು ದರ್ಜಿ. ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದು ಕಿಟಕಿಯ ಮೇಲೆ ಮೊಣಕೈ ಊರಿ ಹೆಜ್ಜೆ ಹಾಕತೊಡಗಿದ. ಆಮೇಲೆ ಔಷಧಿ ಅಂಗಡಿ ಅಕ್ಕ ಬಾಗಿಲು ಅರ್ಧ ಎಳೆದು ಬಂದು ಇನ್ನೊಂದು ಕಿಟಕಿ ಹಿಡಿದಳು. ಇಬ್ಬರೂ ಮೇಷ್ಟ್ರ ಹಳೆಯ ಶಿಷ್ಯರು. ಹಿಂದಿನಿಂದ ಬಂದ ಊರುಗೋಲಿನ ಅಜ್ಜರೊಬ್ಬರು, "ಸ್ವಲ್ಪ ಅವಸರ ಇದೆ ಮೇಷ್ಟ್ರೇ, ಮುಂದೆ ಹೋಗ್ಲಾ?" ಎಂದು ಮರ್ಯಾದೆಯಿಂದ ಕೇಳಿ ದಾಟಿಹೋದರು.

"ಇಪ್ಪತ್ತೇಳು ವರ್ಷದಲ್ಲಿ ಆಗದ್ದು ಈವತ್ತು ಇವಳ ಕಾಲಲ್ಲಿ ಆಯ್ತು ನೋಡಿ" ಎಂದು ಮೇಷ್ಟ್ರು ಹಿಂದಿನ ಸೀಟಿನತ್ತ ಗದ್ದ ತಿರುಗಿಸಿದರು.

ನರ್ಸಿನ ಮುಖ ಕೆಂಪಾಯಿತು. ಕಿಟಕಿಯ ಎರಡೂ ಕಡೆ ಕಣ್ಣುಗಳು. "ತಪ್ಪಾಯ್ತು ಸರ್, ಕ್ಷಮಿಸಿ" ಎಂದಳು.

"ಕ್ಷಮಿಸಿದ್ದೀನಿ" ಎಂದರು ಮೇಷ್ಟ್ರು, ಅರಸರು ಉಂಬಳಿ ಕೊಟ್ಟಂತೆ. "ಆದ್ರೆ ನಾಳೆಯಿಂದ ಬರ್ಬೇಡ. ನಿನ್ನ ಕಾಲಿಗೆ ಈ ವಿದ್ಯೆ ಒಗ್ಗಲ್ಲ."

ದರ್ಜಿಗೆ ತಡೆಯಲಿಲ್ಲ. "ಹಾಗನ್ಬೇಡಿ ಮೇಷ್ಟ್ರೇ. ಹನ್ನೊಂದು ದಿನಕ್ಕೆ ಯಾವ ಗೇರೂ ಸವೆಯಲ್ಲ. ನಂದು ದಿನಾ ಹೊಲಿಗೆ ಯಂತ್ರ ತುಳಿಯೋ ಕಾಲು. ನಿಮ್ಮ ಕ್ಲಚ್ಚನ್ನೂ ಹಾಗೇ ತುಳಿದಿರ್ಬೇಕು. ತಪ್ಪು ನಂದೇ."

"ನಿಂದಾ?" ಎಂದಳು ಅಕ್ಕ. "ಎರಡು ತಿಂಗಳು ಕಲಿತವನು ನೀನು. ಅಷ್ಟರಲ್ಲಿ ಗೇರ್‌ಬಾಕ್ಸ್ ಕೆಡಿಸೋಕೆ ಅದೇನು ಬೆಂಕಿಪೊಟ್ಣವಾ? ನಾನು ಎರಡು ವರ್ಷ ಕಲಿತಿದ್ದೀನಿ. ಕೆಡಿಸಿದ್ರೆ ನಾನೇ ಕೆಡಿಸಿರ್ಬೇಕು."

"ಅಕ್ಕ, ಕಾಲಿನ ಬಲದಲ್ಲಿ ನನ್ನ ಜೊತೆ ಪೈಪೋಟಿ ಬೇಡ."

"ಬಲ ಯಾಕಪ್ಪ ಬೇಕು? ದಡ್ಡತನ ಸಾಕು. ಅದರಲ್ಲಿ ಆಗ ನನ್ನ ಮೀರಿಸೋರು ಇರ್ಲಿಲ್ಲ."

ಗುರುವಿನ ಗೇರು ಮುರಿದ ಕೀರ್ತಿಗಾಗಿ ಇಬ್ಬರೂ ಕಾರಿನ ಛಾವಣಿಯ ಮೇಲಿಂದ ಕೈಬೀಸಿ ವಾದಿಸುತ್ತ ನಡೆದರು. ಮೇಷ್ಟ್ರ ಮನಸ್ಸು ಹೂವಾಯಿತು. ಕಾಲು ಯಾರದ್ದೇ ಇರಲಿ, ಕಾಲಂತೂ ಇದೆ. ನೇಮದ ಪ್ರಕಾರ ಕಾರು ಉಳಿಯಿತು, ಗೇರು ಉಳಿಯಿತು, ಹೆಸರೂ ಉಳಿಯಿತು. ಶೆಡ್ಡು ಮುಟ್ಟುವ ಹೊತ್ತಿಗೆ ಅವರ ಎದೆ ಸ್ಟೇರಿಂಗಿಗೆ ತಾಗುತ್ತಿತ್ತು.

ಮೆಕ್ಯಾನಿಕ್ಕೂ ಅವರ ಶಿಷ್ಯನೇ. ಮಾತು ಕಡಿಮೆ. ಮಧ್ಯಾಹ್ನದವರೆಗೆ ಕಾರಿನಡಿ ಮಲಗಿದ್ದವನು, ಮಸಿ ಮುಖ ಹೊತ್ತು ಎದ್ದು ಬಂದ. ಅಕ್ಕ, ದರ್ಜಿ ಅಂಗಡಿ ಮರೆತು ಅಲ್ಲೇ ಇದ್ದರು. ನರ್ಸು ನೀರಿನ ತೊಟ್ಟಿಯ ಬಳಿಯ ಸ್ಟೂಲಿನ ಮೇಲೆ ಕೂತಿದ್ದಳು. ಹೋಗು ಅಂದವರೂ ಇಲ್ಲ, ಇರು ಅಂದವರೂ ಇಲ್ಲ.

"ಮುಪ್ಪಲ್ಲ ಸರ್" ಎಂದ. "ಯಾರೋ ಯಾವಾಗ್ಲೂ ಕ್ಲಚ್ ಅರ್ಧ ಒತ್ತಿಕೊಂಡೇ ಇದ್ದಾರೆ. ಮೊದಲು ಕ್ಲಚ್ಚು ಸವೆದಿದೆ. ಅದು ಸರಿಯಾಗಿ ಬಿಡದೆ ಗೇರಿನ ಹಲ್ಲು ತೇದುಹೋಗಿದೆ. ಒಂದು ದಿನದ್ದಲ್ಲ, ವರ್ಷಗಟ್ಟಲೆ ಆಗಿರೋದು."

"ನಾನ್ ಹೇಳ್ಲಿಲ್ವಾ" ಎಂದರು ದರ್ಜಿ, ಅಕ್ಕ, ಒಟ್ಟಿಗೇ.

"ಯಾರದು ಅಂತ ಹೇಳು" ಎಂದರು ಮೇಷ್ಟ್ರು. "ಹೆದರ್ಬೇಡ, ನಾನು ಕ್ಷಮಿಸ್ತೀನಿ."

ಮೆಕ್ಯಾನಿಕ್ ಎರಡೂ ಕಡೆಯ ಕ್ಲಚ್ ಪೆಡಲುಗಳ ರಬ್ಬರು ಬಿಚ್ಚಿ ತಂದು ಬೆಂಚಿನ ಮೇಲಿಟ್ಟ. ಒಂದರ ಮೇಲಿನ ಗೆರೆಗಳು ನಿನ್ನೆ ಅಚ್ಚಿನಿಂದ ತೆಗೆದಂತಿದ್ದವು. ಇನ್ನೊಂದು ಹೊಳೆಯ ಕಲ್ಲಿನಂತೆ ನುಣ್ಣಗೆ ಸವೆದು, ನಡುವೆ ತೂತು ಬಿದ್ದಿತ್ತು.

"ಇದು ನಾನೂರು ಜನ ತುಳಿದದ್ದು" ಎಂದ, ಹೊಸದರಂತಿದ್ದದ್ದನ್ನು ಮುಟ್ಟಿ. ತೂತಿನೊಳಗೆ ಬೆರಳು ತೂರಿಸಿ, "ಇದು ಒಬ್ಬರೇ ತುಳಿದದ್ದು" ಎಂದ.

ಶಿಷ್ಯ ಎಲ್ಲಿ ಗುದ್ದುತ್ತಾನೋ ಎಂಬ ಭಯದಲ್ಲಿ ಮೇಷ್ಟ್ರ ಕಾಲು ಇಪ್ಪತ್ತೇಳು ವರ್ಷ ಆಪತ್ಕಾಲದಲ್ಲೇ ಕಳೆದಿತ್ತು. ಆ ಕಾಲು ಈಗಲೂ ಶೆಡ್ಡಿನ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು.

"ಹಾಗಾದ್ರೆ ನಾವ್ಯಾರೂ ಕ್ಲಚ್ ಒತ್ತೇ ಇಲ್ವಾ?" ಎಂದಳು ಅಕ್ಕ.

"ಈಗ ಅರ್ಥ ಆಯ್ತು" ಎಂದ ದರ್ಜಿ. "ಮೇಷ್ಟ್ರ ಕಾರಲ್ಲಿ ಬೆಣ್ಣೆ ಹಾಗಿತ್ತು. ಸ್ವಂತ ಕಾರು ತಗೊಂಡ ವಾರದಲ್ಲೇ ಎರಡು ಗೋಡೆ ಬಿತ್ತು."

"ರಿಪೇರಿ ಆಗ್ತದಾ?" ಎಂದು ಕೇಳಿದರು ಮೇಷ್ಟ್ರು.

"ಗೇರ್‌ಬಾಕ್ಸ್ ಆಗ್ತದೆ ಸರ್. ಕಾಲು ನನ್ನ ಕೈಲಿ ಆಗಲ್ಲ" ಎಂದ ಮೆಕ್ಯಾನಿಕ್, ತಲೆ ತಗ್ಗಿಸಿ. "ತಪ್ಪು ತಿಳೀಬೇಡಿ. ನಿಮಗೆ ಗೇರಿಲ್ಲದ ಕಾರೇ ಸರಿ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅಳಿಯ. "ಮಾವ, ಐದಕ್ಕೆ ಅವ್ರನ್ನ ಕಳಿಸ್ಲಾ?"

ಮೇಷ್ಟ್ರು ತೂತು ಬಿದ್ದ ರಬ್ಬರನ್ನು ನೋಡಿದರು. ನೇಮ ನೇಮವೇ. ತಪ್ಪು ಮಾಡಿದ ಕಾಲು ಸಿಕ್ಕಿತ್ತು, ಮೇಲಿನವನ ಸಾಕ್ಷಿಯೂ ಇತ್ತು. ನಿಧಾನವಾಗಿ ಬೆನ್ನು ನೆಟ್ಟಗಾಯಿತು.

"ಬೇಡ. ರಿಪೇರಿ ಮಾಡಿಸ್ತೀನಿ" ಎಂದರು. "ಕೇಳಪ್ಪ, ನನ್ನ ನಾನೂರು ಶಿಷ್ಯರಲ್ಲಿ ಒಬ್ಬರೂ ಗೇರ್ ಕೆಡಿಸಿಲ್ಲ. ಅಂಥ ಮೇಷ್ಟ್ರು ಇನ್ನೊಬ್ಬರಿದ್ರೆ ತೋರಿಸು."

"ಕೆಡಿಸೋಕೆ ನೀವು ಬಿಟ್ರಲ್ವಾ" ಎಂದು ದರ್ಜಿ ಗೊಣಗಿದ. ಅಕ್ಕ ಅವನ ಅಳತೆಪಟ್ಟಿ ಹಿಡಿದು ಜಗ್ಗಿದಳು.

ಮೇಷ್ಟ್ರು ಮೆಕ್ಯಾನಿಕ್ಕಿಗೆ ಹೇಳಿದರು: "ನನ್ನ ಕಡೆ ಬ್ರೇಕ್ ಇರ್ಲಿ. ಕ್ಲಚ್ ಕಿತ್ತುಹಾಕು." ಹೇಳುವಾಗಲೇ ಹಣೆಯ ಮೇಲೆ ಬೆವರು ಮೂಡಿತು. ಇನ್ನು ಮುಂದೆ ಪ್ರತಿ ಬೆಳಗ್ಗೆ, ಕ್ಲಚ್ಚೇ ಒತ್ತಿ ಅರಿಯದ ಜನರ ಪಕ್ಕ, ಕಾಲಿಗೆ ಕೆಲಸವಿಲ್ಲದೆ, ದೇವರ ಮೇಲೆ ಭಾರ ಹಾಕಿ ಕೂರಬೇಕು.

ಆಮೇಲೆ ತೊಟ್ಟಿಯ ಕಡೆ ನಡೆದರು. ಈ ಸಲ ಎದೆಗಿಂತ ಮುಂಚೆ ಮೇಷ್ಟ್ರು ಹೋದರು. ನರ್ಸು ಎದ್ದು ನಿಂತಳು. ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಅವಳ ಮಾತನ್ನು ಅವಳಿಗೇ ಒಪ್ಪಿಸಿದರು.

"ತಪ್ಪಾಯ್ತಮ್ಮ, ಕ್ಷಮಿಸು."